ಕೇಳಿದ್ದನ್ನೆಲ್ಲ ಕೊಡುವ ಡಬ್ಬಿ

ನಾನು ಹುಟ್ಟಾ ಅನುಮಾನದವಳು. ಸಂತೆಯಲ್ಲಿ ಯಾರಾದರೂ ಒಂದು ಬಾಳೆಹಣ್ಣು ಹೆಚ್ಚಿಗೆ ಕೊಟ್ಟರೆ ಎಲ್ಲೋ ಕೊಳೆತಿರಬೇಕೆಂದು ತಿರುಗಿಸಿ ತಿರುಗಿಸಿ ನೋಡುವವಳು. ಇದು ನನ್ನ ಸ್ವಂತ ಗಳಿಕೆಯಲ್ಲ, ನಮ್ಮ ಅಜ್ಜಿ ಬಿಟ್ಟುಹೋದ ಆಸ್ತಿ. ನನಗಿಂತ ಮುಂಚೆ ಹುಟ್ಟಿದ ಕೂಸುಗಳು ನಮ್ಮ ಮಾನ್ವಿಯ ಮನೆಯಲ್ಲಿ ಉಳಿದಿರಲಿಲ್ಲ. ಹಾಗಾಗಿ ನಾನು ಹುಟ್ಟಿದ ಕೂಡಲೇ ಅಜ್ಜಿ ನನ್ನನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಟ್ಟುಬಂದಳಂತೆ. ಪಕ್ಕದ ಮನೆಯ ಖಾಲಾ, ಬಳೆ ಮಾರುವವಳು, ಯಾರದೋ ಬೇಡದ ಕೂಸು ಸಿಕ್ಕಿತೆಂಬ ಹಾಗೆ ನನ್ನನ್ನು ಎತ್ತಿಕೊಂಡು ಬಂದಳು. ಅಜ್ಜಿ ಅವಳಿಗೆ ಒಂದು ಮೊರ ನುಚ್ಚು ಕೊಟ್ಟು ನನ್ನನ್ನು ಕೊಂಡಳು. ಆಮೇಲೆ ಯಾರೂ ಆಸೆಪಡಬಾರದಂಥ ಒಂದು ಹೆಸರನ್ನೂ ಇಟ್ಟಳು. ಆ ಹೆಸರು ಇಲ್ಲಿ ಬೇಡ.

ಅಜ್ಜಿಯ ಲೆಕ್ಕ ಸರಳವಾಗಿತ್ತು. ಬೇಕಾದದ್ದನ್ನು ಬೇಡವೆಂದು ತೋರಿಸಿದರೆ ಕೆಟ್ಟ ಕಣ್ಣು ಅತ್ತ ತಿರುಗುವುದಿಲ್ಲ. ಅಮ್ಮ ನನ್ನ ಜಡೆ ಉದ್ದವಾಗಿದೆ ಎಂದರೆ ಸಾಕು, ಅಜ್ಜಿ ಒಳಗಿನಿಂದಲೇ “ಇಲಿ ಬಾಲ ಇದ್ದಂಗ ಐತಿ” ಎಂದು ಕೂಗುತ್ತಿದ್ದಳು. ಮನೆಗೆ ಬಂದವರು ಹಾಲು ಕೊಡುವ ಎಮ್ಮೆಯನ್ನು ಹೊಗಳಿದರೆ, ಅವರು ಹೋದ ಮೇಲೆ ಅದರ ಕಾಲಿನ ಮಣ್ಣು ತೆಗೆದು ನಿವಾಳಿಸುತ್ತಿದ್ದಳು. ಮನೆಯಲ್ಲಿ ಈ ಭಾಷೆ ತಿಳಿಯದವನೆಂದರೆ ಅಪ್ಪ ಒಬ್ಬನೇ. ಕವಿತಾಳ, ಪೋತ್ನಾಳದ ಸಂತೆಗಳಿಗೆ ಬಟ್ಟೆಯ ಗಂಟು ಹೊತ್ತು ಹೋಗುವ ವ್ಯಾಪಾರಿ ಅವನು. ಗಿರಾಕಿ ಬೇಡವೆಂದು ಎದ್ದು ನಡೆದರೆ ಬೇರೆ ವ್ಯಾಪಾರಿಗಳು ಹಿಂದಿನಿಂದ ಕರೆಯುತ್ತಾರೆ, ಗಿರಾಕಿಯೂ ಅದಕ್ಕೇ ಎದ್ದಿರುತ್ತಾನೆ. ಅಪ್ಪ ಕರೆಯುತ್ತಿರಲಿಲ್ಲ. ಬೇಡವೆಂದರೆ ಬೇಡ ಎಂದುಕೊಂಡು ಬಟ್ಟೆ ಮಡಚಿಡುತ್ತಿದ್ದ.

ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಏಳನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ, ರಾಯಚೂರಿನಿಂದ ಸೋದರಮಾವ ಬಂದ. ನಮ್ಮ ಓಣಿಯಲ್ಲಿ ಏಳನೆಯದು ಮುಗಿದರೆ ಹುಡುಗಿಯರನ್ನು ಶಾಲೆ ಬಿಡಿಸುವುದೇ ರೂಢಿ. ಮಾವನಿಗೆ ಮಕ್ಕಳಿರಲಿಲ್ಲ. ತನ್ನದು ಸಣ್ಣ ಮನೆ, ಒಬ್ಬ ಹುಡುಗಿಯನ್ನು ಇಟ್ಟುಕೊಂಡು ಹೈಸ್ಕೂಲು ಓದಿಸಬಲ್ಲೆ, ಇವಳನ್ನು ಕಳಿಸಿರಿ ಎಂದ. ಬರುವ ವಾರ ದೇವದುರ್ಗದ ದೊಡ್ಡಮ್ಮನ ಮನೆಗೆ ಹೋಗುವುದಿದೆ, ಆಗ ಬಂದು ಕೇಳುತ್ತೇನೆ ಎಂದು ಹೇಳಿ ಹೋದ.

“ಪುಕ್ಕಟ ಯಾರೂ ಕೂಸಿನ್ನ ಕೇಳಂಗಿಲ್ಲ. ಅವರ ಮನ್ಯಾಗ ನೀರು ಹೊರಾವ್ರಿಲ್ಲ, ಅದಕ್ಕ” ಎಂದಳು ಅಜ್ಜಿ. ನನಗೂ ಹಾಗೆಯೇ ಅನಿಸಿತು. ಆದರೆ ಇಡೀ ರಾಯಚೂರಿಗೆ ನೀರು ಹೊರು ಎಂದಿದ್ದರೂ ನಾನು ತಯಾರಿದ್ದೆ. ಅಲ್ಲಿನ ಹುಡುಗಿಯರು ನೀಲಿ ಲಂಗ, ಬಿಳಿ ಅಂಗಿ ತೊಟ್ಟು ಸಾಲಾಗಿ ಶಾಲೆಗೆ ಹೋಗುವುದನ್ನು ಒಮ್ಮೆ ನೋಡಿ ಬಂದಿದ್ದೆ. ಅವತ್ತಿನಿಂದ ಅಷ್ಟು ಆಸೆಯಿಂದ ನಾನು ಬೇರೇನನ್ನೂ ಬಯಸಿರಲಿಲ್ಲ. ಅಷ್ಟು ಬೇಕಾಗಿದ್ದರಿಂದಲೇ ಬಾಯಿ ಬಿಡಲು ಹೆದರಿಕೆ.

ಅದೇ ವಾರ ಊರಾಚೆಯ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬಿದ್ದಿತ್ತು. ಮಕ್ಕಳ ಸಿನಿಮಾ ಬಂದಿದೆಯೆಂದು ಖಾಲಾ ನನ್ನನ್ನು ಕರೆದುಕೊಂಡು ಹೋದಳು. ಸಿನಿಮಾ ತೆಲುಗಿನದು. ನಮ್ಮ ಕಡೆ ಅದಕ್ಕೆ ಯಾರೂ ಅಂಜುವುದಿಲ್ಲ, ಅರ್ಧ ನಮಗೇ ತಿಳಿಯುತ್ತದೆ, ಉಳಿದರ್ಧ ಪಕ್ಕದವರು ಹೇಳುತ್ತಾರೆ. ಒಬ್ಬ ಹುಡುಗನಿಗೆ ಹಾಳುಬಾವಿಯಲ್ಲಿ ಹಿತ್ತಾಳೆಯ ಡಬ್ಬಿ ಸಿಗುತ್ತದೆ. ಅದರೊಳಗೊಂದು ಡೊಳ್ಳುಹೊಟ್ಟೆಯ ಭೂತ, ಕೇಳಿದ್ದನ್ನೆಲ್ಲ ಕೊಡುತ್ತದೆ. ಶಾಲೆಗೆ ಬೀಗ ಬೀಳಲಿ ಎನ್ನುತ್ತಾನೆ ಹುಡುಗ, ಬೀಗ ಬೀಳುತ್ತದೆ, ಅವನು ಒಳಗೇ ಇರುತ್ತಾನೆ. ಮಾಸ್ತರರ ಕೈ ಏಳದಿರಲಿ ಎನ್ನುತ್ತಾನೆ, ಏಳುವುದಿಲ್ಲ, ಅವರಿಗೆ ಇವನೇ ತುತ್ತು ಮಾಡಿ ಉಣ್ಣಿಸಬೇಕಾಗುತ್ತದೆ. ಜಿಲೇಬಿ ಬೇಕೆಂದರೆ ಮನೆಯ ರುಬ್ಬುಗುಂಡು, ಅಪ್ಪನ ಚಪ್ಪಲಿ, ಎಲ್ಲವೂ ಜಿಲೇಬಿಯಾಗಿ ಇರುವೆಗಳು ಮನೆ ತುಂಬುತ್ತವೆ.

ಡೇರೆಯ ಜನ ಮರಳಿನ ಮೇಲೆ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಮಾತ್ರ ಒಂದು ಚೂರೂ ನಗು ಬರಲಿಲ್ಲ. ನಮ್ಮ ಅಜ್ಜಿಯ ಮಾತನ್ನೇ ಯಾರೋ ಕದ್ದು ಸಿನಿಮಾ ತೆಗೆದಿದ್ದಾರೆ ಅನಿಸಿತು. ಖಾಲಾ ನನ್ನ ಪಕ್ಕೆಗೆ ತಿವಿದು, “ಹಸ್ ನಾ ಬೇಟಿ, ರೊಕ್ಕ ಕೊಟ್ಟು ಅಳಾಕ ಬಂದೀಯೇನು?” ಎಂದಳು. ಕೊನೆಗೆ ಹುಡುಗ ಬೇಸತ್ತು, ನನಗೇನೂ ಬೇಡ ಎಂದು ಡಬ್ಬಿಯನ್ನು ಬಾವಿಗೆ ಎಸೆದ. ಎಲ್ಲವೂ ಮೊದಲಿನಂತಾಯಿತು. ಅಷ್ಟೇ ಅಲ್ಲ, ಕಳೆದುಹೋಗಿದ್ದ ಅವನ ಮುದ್ದಿನ ಮೇಕೆಮರಿ, ಅವನು ಕೇಳದಿದ್ದರೂ, ತಾನಾಗಿಯೇ ಬಾಗಿಲಿಗೆ ಬಂದು ನಿಂತಿತು. ನಾನು ಗಟ್ಟಿ ಮನಸ್ಸು ಮಾಡಿ ಎದ್ದೆ.

ಮಾವ ಬಂದ ದಿನ ಪಡಸಾಲೆಯಲ್ಲಿ ಅಪ್ಪನೂ ಇದ್ದ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಏನವ್ವಾ, ಬರ್ತೀಯೇನು ರಾಯಚೂರಿಗೆ?” ಮಾವ ಕೇಳಿದ.

“ಒಲ್ಲೆ” ಎಂದೆ.

ಅಪ್ಪ ನನ್ನ ಮುಖ ನೋಡಿದ. “ವಿಚಾರ ಮಾಡಿ ಹೇಳವ್ವಾ.”

ಇನ್ನೊಮ್ಮೆ ಕೇಳಿದ್ದೇ ನನಗೆ ಹುರುಪು ಬಂತು. ಮಂತ್ರ ಹತ್ತುತ್ತಿದೆ ಎಂದುಕೊಂಡೆ. “ನನಗ ರಾಯಚೂರೂ ಬ್ಯಾಡ, ಸಾಲಿನೂ ಬ್ಯಾಡ” ಎಂದು ಕಾಲು ನೆಲಕ್ಕೆ ಬಡಿದು ಹೇಳಿದೆ. ಅಪ್ಪ ಮತ್ತೆ ಕೇಳಲಿಲ್ಲ. ಮಾವ ಚಹಾ ಕುಡಿದು ದೇವದುರ್ಗದ ಬಸ್ಸು ಹತ್ತಿದ. ಇನ್ನು ರಾಯಚೂರು ತಾನಾಗಿಯೇ ಬಾಗಿಲಿಗೆ ಬರುತ್ತದೆಂದು ನಾನು ಕಾಯುತ್ತ ಕುಳಿತೆ.

ಮರುದಿನ ಹಿತ್ತಲಲ್ಲಿ ಅಜ್ಜಿ ಕುಳ್ಳು ತಟ್ಟುತ್ತಿದ್ದಳು. ಅವಳು ಮೆಚ್ಚಿಕೊಳ್ಳುತ್ತಾಳೆಂದು ನನ್ನ ಜಾಣತನವನ್ನು ಕಿವಿಯಲ್ಲಿ ಹೇಳಿದೆ. ಅವಳ ಕೈ ಸಗಣಿಯಲ್ಲಿ ಹಾಗೆಯೇ ನಿಂತಿತು.

“ಅಯ್ಯ ನನ್ನ ಹುಚ್ಚಿ! ಕೆಟ್ಟ ಕಣ್ಣಿಗೆ ಸುಳ್ಳು ಹೇಳು ಅಂದ್ರ, ಹೆತ್ತ ಅಪ್ಪಗ ಹೇಳ್ತಾರೇನ? ಅವಗ ಏನು ತಿಳಿತೈತಿ? ಅವ ಪೋತ್ನಾಳದಿಂದ ಬರೋತನಕ ಬಾಗಲದಾಗ ಕುಂದ್ರು. ಬಂದ ಕೂಡಲೆ ಖರೇ ಹೇಳು.”

ಬಾಗಿಲಲ್ಲಿ ಕುಳಿತೆ. ಆದರೆ ಅಪ್ಪನಿಗಿಂತ ಮೊದಲು ಮಾವ ಬಂದ. ಹಿಂದೆ ದೇವದುರ್ಗದ ದೊಡ್ಡಮ್ಮನ ಮಗಳು, ನನ್ನದೇ ವಯಸ್ಸಿನವಳು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಕೈಯಲ್ಲೊಂದು ಬಟ್ಟೆಯ ಚೀಲ. ಮಾವ ಕೇಳಿ ಮುಗಿಸುವ ಮೊದಲೇ ಹೂಂ ಎಂದಳಂತೆ. ಹಿರಿಯರ ಕಾಲಿಗೆ ಬಿದ್ದು ಸಂಜೆಯ ಬಸ್ಸಿಗೆ ರಾಯಚೂರಿಗೆ ಹೋಗುವವರಿದ್ದರು. ಅಜ್ಜಿ ಒಳಗೆ ಬಂದು ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಅವಳಿಗೆ ಕುಂಕುಮ ಹಚ್ಚಿದಳು. ಬೇರೆಯವರ ಮಗಳು ಹೂಂ ಅಂದ ಮೇಲೆ ಅದನ್ನು ತಪ್ಪಿಸುವ ಪೈಕಿಯವರಲ್ಲ ನಮ್ಮ ಮನೆಯವರು.

ಅಪ್ಪ ಬಂದ. ವಿಷಯ ತಿಳಿದುಕೊಂಡ. ಆಮೇಲೆ ಒಳಗೆ ಹೋಗಿ ಗಂಟಿನ ಕೆಳಗಿಂದ ಹೊಚ್ಚಹೊಸ ನೀಲಿ ಲಂಗ ತಂದು ಅವಳ ಕೈಗೆ ಕೊಟ್ಟ. ಅವಳು ಅಲ್ಲೇ ಉಟ್ಟು ತೋರಿಸಿದಳು. ಅವಳು ಎತ್ತರದವಳು, ಲಂಗ ಮೀನಖಂಡದ ಅರ್ಧಕ್ಕೇ ನಿಂತಿತು. ಇರಲಿ ಬಿಡು, ಅಂಚು ಬಿಚ್ಚಿ ಇಳಿಸಿದರಾಯಿತು ಎಂದಳು ಅಮ್ಮ.

ಎಷ್ಟು ದಿನದಿಂದ ನಡೆದಿತ್ತು ಈ ಒಳಸಂಚು? ಅಪ್ಪ, ಮಾವ, ದೊಡ್ಡಮ್ಮ ಎಲ್ಲರೂ ಮೊದಲೇ ಮಾತಾಡಿಕೊಂಡು, ನನ್ನನ್ನು ಕೇಳಿದಂತೆ ನಾಟಕ ಮಾಡಿದ್ದಾರೆ. ಇಲ್ಲದಿದ್ದರೆ ಹೊಲಿದ ಲಂಗ ಎಲ್ಲಿಂದ ಬರಬೇಕು? ಬಸ್ ನಿಲ್ದಾಣದವರೆಗೆ ಅದನ್ನೇ ಮೆಲುಕು ಹಾಕುತ್ತ ನಡೆದೆ. ಅವಳು ಕಿಟಕಿಯಿಂದ ಕೈಬೀಸಿದಳು. ನಾನು ಬೀಸಲಿಲ್ಲ.

ಬಸ್ಸು ಹೋದ ಮೇಲೆ ತಡೆಯಲಾಗಲಿಲ್ಲ. “ಅಕಿ ಬರ್ತಾಳಂತ ಮೊದಲ ಗೊತ್ತಿತ್ತಲ್ಲಾ ನಿನಗ? ಅಕಿಗಿ ಲಂಗ ಹೊಲಿಸಿ ಇಟ್ಟಿದ್ದಿ. ನನಗ ಒಂದಾರ ಹೊಲಿಸಿದ್ದೀಯೇನು?” ಎಂದು ಅಪ್ಪನ ಮೇಲೆ ಹರಿಹಾಯ್ದೆ.

ಅಪ್ಪ ಸಿಟ್ಟಾಗಲಿಲ್ಲ. “ಅಕಿ ಬರ್ತಾಳಂತ ನನಗೇನು ಗೊತ್ತಿತ್ತವ್ವಾ? ನಿಮ್ಮ ಮಾವ ಮೊದಲ ಸಲ ಬಂದು ಹೋದ ದಿನಾನ ದರ್ಜಿ ಕಡೆ ಕೊಟ್ಟಿದ್ದೆ. ಅದು ನಿನ್ನ ಅಳತೀದು.”

ಆಗ ಹೇಳಿದೆ. ನನಗೆ ಹೋಗಬೇಕಾಗಿತ್ತು ಎಂದು, ಅಷ್ಟು ಜನರ ನಡುವೆ, ಬಿಕ್ಕುತ್ತ ಹೇಳಿದೆ. ಅಪ್ಪ ನಿಲ್ದಾಣದ ಕಟ್ಟೆಯ ಮೇಲೆ ಕುಳಿತುಬಿಟ್ಟ.