ಹೊಲ ಗುಡಿಸುತ್ತಿದ್ದ ಬಸಲಿಂಗಪ್ಪ ಕಾಕಾ

ಅಂಗಳ ಗುಡಿಸುವವರನ್ನು ಎಲ್ಲರೂ ನೋಡಿರುತ್ತೀರಿ. ಹೊಲ ಗುಡಿಸುವವರನ್ನು ನಾನು ನೋಡಿದ್ದೇನೆ. ನಮ್ಮ ಬಾಜು ಹೊಲದ ಬಸಲಿಂಗಪ್ಪ ಕಾಕಾ ಧೋತರ ಮೇಲಕ್ಕೆ ಸಿಕ್ಕಿಸಿ, ಕಸಬರಿಗೆ ಹಿಡಿದು, ಎರೆಮಣ್ಣಿನ ಮೇಲೆ ಎದ್ದ ಬಿಳುಪನ್ನು ಗುಡಿಸುತ್ತಿದ್ದರು. ಸಾಹೇಬರ ಜೀಪು ಬರುವ ದಿನವಂತೂ ತಪ್ಪದೆ.

ಎಂಬತ್ತರ ದಶಕದ ಮಾತು. ನವಲಗುಂದದ ನಮ್ಮ ಸೀಮೆಗೆ ಕಾಲುವೆ ನೀರು ಬಂದಿತ್ತು. ಕೃಷಿ ಸಂಶೋಧನಾ ಕೇಂದ್ರದ ಸಾಹೇಬರು ನೀರು ಕಟ್ಟಿ ಹೊಸ ಹತ್ತಿ ಬೆಳೆದು ತೋರಿಸಲು ಕಾಕಾ ಅವರ ಹೊಲ ಆರಿಸಿದರು. ಬದುವಿನ ಮೇಲೆ 'ಮಾದರಿ ಹೊಲ' ಎಂಬ ಬೋರ್ಡು ನಿಂತಿತು. ಅಂದಿನಿಂದ ಕಾಕಾ ಹೊಟ್ಟೆ ಮುಂದೆ ಮಾಡಿ, ಕೈ ಹಿಂದೆ ಕಟ್ಟಿ ನಡೆಯತೊಡಗಿದರು. ಆ ನಡಿಗೆಯನ್ನು ನಾನು ಚಹಾದಂಗಡಿ ಮುಂದೆ ಮಾಡಿ ತೋರಿಸುತ್ತಿದ್ದೆ. ನನ್ನ ಬಡಕಲು ಮೈಗೆ ಹೊಟ್ಟೆಯೇ ಇಲ್ಲದ್ದರಿಂದ ಅಂಗಿಯೊಳಗೆ ಟವೆಲ್ ತುರುಕಿಕೊಳ್ಳಬೇಕಾಗುತ್ತಿತ್ತು. ಕಾಕಾ ಕಂಡವರಿಗೆಲ್ಲ ಹೇಳುತ್ತಿದ್ದರು: "ಇನ್ನ ಮಳಿ ದಾರಿ ಕಾಯೂದ ಬ್ಯಾಡ್ರಲೇ, ವಿಜ್ಞಾನ ಬಂದೈತಿ! ನೀರ ಬಿಡ್ರಿ, ಇನ್ನಷ್ಟ ಬಿಡ್ರಿ!" ಅವರ ಮಾತು ನಂಬಿ ಊರು ಜೋಳ ಬಿಟ್ಟು ಹತ್ತಿ ಹಾಕಿತು. ಮೊದಮೊದಲು ಬೆಳೆಯೂ ಚೆನ್ನಾಗಿಯೇ ಬಂತು.

ಆದರೆ ಕುಡಿದ ನೀರನ್ನು ಎರೆಮಣ್ಣು ಬಿಡಲಿಲ್ಲ. ಕೆಳಗಿನ ಉಪ್ಪು ಮೇಲೆದ್ದು ನೆಲ ಸವಳು ಹಿಡಿಯಿತು.

"ಹೊಲಕ್ಕ ಪೌಡರ್ ಹಚ್ಚೀರಲ್ರಿ ಕಾಕಾ. ನೋಡಾಕ ವರ ಬರಾಂವ ಅದಾನೇನ್ರಿ?" ಎಂದು ನಾನು ಕೆಣಕಿದೆ.

"ಬಾಯಿ ಮುಚ್ಚಲೇ ಮಂಗ್ಯಾ! ಊರ ನನ್ನ ನೋಡಿ ಬಿತ್ತೇತಿ. ನನ್ನ ಹೊಲಾನ ಕೆಟ್ಟೈತಿ ಅಂದ್ರ ಯಾವ ಮಾರಿ ಹೊತ್ತು ಗುಡಿ ಕಟ್ಟಿಗೆ ಬರ್ಲಿ?"

ನಾನು ನಕ್ಕೆ. ನಮ್ಮ ಹೊಲಕ್ಕೂ ಅದೇ ಪೌಡರು ಬಿದ್ದಿತ್ತು.

ಅಷ್ಟರಲ್ಲಿ, ಸವಳು ಹಿಡಿದ ಊರುಗಳ ನೀರು ಬಸಿದು ಹೋಗಲು ಸರಕಾರ ಬಸಿಗಾಲುವೆ ತೋಡಿಸುತ್ತದೆಂಬ ಸುದ್ದಿ ಬಂತು. ನಮ್ಮ ಊರಿಗೆ ಮಾತ್ರ ಇಲ್ಲ. ಗುಡಿಸಿದ ಮಣ್ಣನ್ನಷ್ಟೇ ನೋಡಿ ಹೋಗುತ್ತಿದ್ದ ಸಾಹೇಬರು, ಇಲ್ಲಿನ ನೆಲ ನೀರಾವರಿಗೆ ಒಗ್ಗಿದೆಯೆಂದು ಬರೆದು ಕಳಿಸಿದ್ದರು.

ಮುಂದಿನ ಸಲ ಜೀಪು ಬಂದಾಗ ಕಾಕಾ ಕಸಬರಿಗೆ ಮುಟ್ಟಲಿಲ್ಲ. ಸಾಹೇಬರನ್ನು ಬಿಳಿ ನೆಲದ ನಡುವೆ ನಿಲ್ಲಿಸಿದರು.

"ಇಷ್ಟ ದಿನಾ ಗುಡಿಸಿ ಮುಚ್ಚಿಟ್ಟೇನ್ರಿ. ನನ್ನ ಬೇಕಾದ್ದ ಬಯ್ರಿ. ಊರಿಗೆ ಬಸಿಗಾಲವಿ ಕೊಡಸ್ರಿ."

ಸಾಹೇಬರು ಬೂಟಿಗಂಟಿದ ಬಿಳುಪನ್ನು ಬದುವಿಗೆ ಒರೆಸಿಕೊಂಡರು. "ನನಗೂ ಅನುಮಾನ ಇತ್ತು, ಯಜಮಾನ್ರ. ನಿಮ್ಮ ಹೊಲಾ ತೋರಿಸೇ ಹತ್ತೂರಾಗ ಹತ್ತಿ ಹಾಕಿಸೇವಿ. ಈಗ ಇದೊಂದು ವರದಿ ತಿದ್ದಿದ್ರ ಎಲ್ಲಾನೂ ತಿದ್ದಬೇಕಾಗತೈತಿ. ಅದು ನನ್ನ ಕೈಯಾಗಿಲ್ರಿ."

"ಮತ್ತ ಯಾರ ಕೈಯಾಗೈತ್ರಿ?"

ಸಾಹೇಬರು ಜೀಪು ಹತ್ತಿದರು.

ಹತ್ತಿ ಬಿಟ್ಟು ಮತ್ತೆ ಜೋಳ ಬಿತ್ತಿದರೆ ಮೊಳಕೆ ಏಳಲಿಲ್ಲ. ನೀರು ಕಟ್ಟುವುದನ್ನು ನಿಲ್ಲಿಸಿದರೆ ಮೇಲಿನ ಹೊಲಗಳ ಬಸಿನೀರು ತಾನಾಗಿ ಬಂದು ನಿಲ್ಲುತ್ತಿತ್ತು. ಕೊಳ್ಳುವವರಿಲ್ಲದೆ ಹೊಲ ಮಾರುವಂತೆಯೂ ಇರಲಿಲ್ಲ.

ತೀರಿಕೊಳ್ಳುವ ಕೆಲ ದಿನ ಮೊದಲು ಕಾಕಾ ನನಗೆ ಕಡೆಯ ಸಲ ಸಿಕ್ಕಿದ್ದು ಊರ ಗಡಿಯಲ್ಲಿ. ಪಕ್ಕದೂರಿನ ಬಸಿಗಾಲುವೆ ತೋಡುತ್ತ ಬಂದ ಯಂತ್ರ ಗಡಿಕಲ್ಲಿನ ಬಳಿ ನಿಂತಿತ್ತು.

"ಇನ್ನೊಂದೀಟ ಈ ಕಡೆ ತಗೀಯೋ ಯಪ್ಪಾ," ಎಂದರು ಕಾಕಾ.

ಡ್ರೈವರ್ ಮೇಲಿಂದಲೇ ಬಗ್ಗಿ ಹೇಳಿದ: "ಈ ಕಡೆ ಹೊಲಾ ಅಗದಿ ಚಲೋ ಅದಾವಂತಲ್ರಿ, ಅಜ್ಜಾರ."

ಕಾಕಾ ಕಾಲ ಕೆಳಗಿನ ನೆಲ ನೋಡಿದರು.

"ಹೌದಪಾ. ನಾನ ಹೇಳೇನಿ."