ಚಂದ್ರನೂರಿಗೆ ಲಿಫ್ಟ್ ಇಳಿಸುವ ಸವೇತಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರೊಮೇನಿಯಾದ ಬೆಟ್ಟದ ತಪ್ಪಲಿನ ಹಳೆಯ ಉಪ್ಪಿನ ಗಣಿಯ ಬಾಯಲ್ಲಿ ಸವೇತಾ ಮೊಗೋಶ್ ಲಿಫ್ಟಿನೊಳಗಿನ ಹಿಡಿಗೆ ಎಣ್ಣೆ ಹಚ್ಚುತ್ತಿದ್ದಾರೆ. ಸ್ವಲ್ಪ ಹೊತ್ತಿನ ಹಿಂದೆಯೂ ಹಚ್ಚಿದ್ದರು. ಕಾಫಿ ಆರಿಹೋಗಿದೆ, ಬ್ರೆಡ್ಡು, ಹಂದಿಕೊಬ್ಬು, ಈರುಳ್ಳಿ ಹಾಗೇ ಇವೆ. ಕೂರುತ್ತಾರೆ, ಏಳುತ್ತಾರೆ, ಗೋಡೆಯ ಫೋನಿನತ್ತ ನೋಡುತ್ತಾರೆ. ಇನ್ನು ಮುಂದೆ ಅವರು ಈ ಕೆಲಸದಲ್ಲಿ ಇರಬೇಕೋ ಬೇಡವೋ ಎಂಬುದು ಈಗ ಕೆಳಗೆ ತೀರ್ಮಾನವಾಗುತ್ತಿದೆ.

ಕೆಳಗೆ ಎಂದರೆ ಇನ್ನೂರು ಮೀಟರ್ ಆಳದಲ್ಲಿ, ಚಂದ್ರನ ಮೇಲೆ. ಗಣಿ ನಿಂತ ಮೇಲೆ ವಿಶ್ವವಿದ್ಯಾಲಯದವರು ಅಲ್ಲೊಂದು ಪುಟ್ಟ ಅಣಕು ಚಂದ್ರನೂರು ಕಟ್ಟಿದ್ದಾರೆ. ಕಾನೂನು, ವೈದ್ಯಕೀಯ, ಎಂಜಿನಿಯರಿಂಗ್, ಸಮಾಜಶಾಸ್ತ್ರ ಓದಿದ ಆರು ಮಂದಿ ಅಲ್ಲೇ ಉಂಡು, ಮಲಗಿ, ಜಗಳವಾಡುತ್ತಾರೆ. ಮುಂದೆ ಮನುಷ್ಯ ನಿಜವಾಗಿ ಚಂದ್ರನಲ್ಲಿ ನೆಲೆಸಿದರೆ ಗಾಳಿ ಯಾರದು, ನೀರು ಯಾರದು, ಯಾರ ಮಾತು ನಡೆಯಬೇಕು ಎಂದು ಕಟ್ಟಳೆ ಬರೆಯುತ್ತಾರೆ. ಭೂಮಿಯ ಹಂಗು ಇರಕೂಡದೆಂಬುದು ಅವರ ಹಟ. ಅವರ ಉಸಿರಿಗೆ ಗಾಳಿ ತಳ್ಳುವ ಫ್ಯಾನು ಮೇಲಿರುವ ಸವೇತಾ ಕೈಯಲ್ಲಿದೆ, ಲಿಫ್ಟೂ ಅಷ್ಟೇ. ಸವೇತಾ ಹೆಸರು ಮಾತ್ರ ಯಾವ ವರದಿಯಲ್ಲೂ ಇಲ್ಲ.

ಕಳೆದ ತಿಂಗಳು ಎಡವಟ್ಟಾಯಿತು. ಗಾಳಿಕೊಳವೆಯ ಮೇಲೆ ಐದು ಬಡಿತ ಕೇಳಿದರೆ ಕೆಳಗೆ ಯಾರದೋ ಜೀವ ಅಪಾಯದಲ್ಲಿದೆ ಎಂಬುದು ಗಣಿಯವರ ಹಳೆಯ ಸಂಕೇತ. ಐದು ಬಡಿತ ಕೇಳಿದ್ದೇ ಸವೇತಾ ಲಿಫ್ಟಿನಲ್ಲಿ ಇಳಿದು, ಮುಚ್ಚಿದ ಬಾಗಿಲನ್ನು ಹಾರೆಯಿಂದ ಮೀಟಿ ತೆರೆದರು. ಒಳಗೆ ಕಾನೂನು ಓದಿದ ಇಲಿಂಕಾ, ಬೂಟಿಗೆ ಮೆತ್ತಿದ ಉಪ್ಪು ಉದುರಿಸಲು ಅದನ್ನು ಕೊಳವೆಗೆ ಬಡಿಯುತ್ತಿದ್ದಳು. ಹೊರಗಿನವರ ಸೋಂಕಿಲ್ಲದೆ ನಡೆಸಿದ್ದ ವಾರಗಳ ಪ್ರಯೋಗ ನೀರುಪಾಲಾಯಿತು.

"ತಾಂತಿ, ಭೂಮಿಯವರು ಹೀಗೆ ಬಾಗಿಲು ಒಡ್ಕೊಂಡು ಬರೋ ಹಾಗಿಲ್ಲ," ಎಂದಳು ಇಲಿಂಕಾ, ಅಳುವುದೊಂದು ಬಾಕಿ. ಅತ್ತೆ ಎಂಬರ್ಥದಲ್ಲಿ ಇಲ್ಲಿ ಎಲ್ಲರೂ ಸವೇತಾರನ್ನು ತಾಂತಿ ಎನ್ನುತ್ತಾರೆ.

"ಹಾಗಾದ್ರೆ ಬೂಟನ್ನ ಕಾಲಲ್ಲೇ ಇಟ್ಕೊಳ್ಳಮ್ಮ," ಎಂದಿದ್ದರು ಸವೇತಾ.

ಬ್ರೆಡ್ಡಿನಂಗಡಿಯಲ್ಲಿ ಈಗಲೂ ಜನ ಬಿಡುವುದಿಲ್ಲ. "ಬಂದ್ಲಪ್ಪ, ರಾಕೆಟ್ಟಿಲ್ದೆ ಚಂದ್ರನಿಗೆ ಹೋಗಿಬಂದೋಳು" ಎಂದು ಕಿಚಾಯಿಸುತ್ತಾರೆ. ಸವೇತಾ ನಗುವುದಿಲ್ಲ.

"ನಮ್ಮಪ್ಪ ಇದೇ ಗಣೀಲಿ ಸಿಕ್ಕಿಹಾಕ್ಕೊಂಡಿದ್ದ. ಐದು ಸಲ ಬಡಿದ. ಏನಾಯ್ತು ಅಂತ ವಿಚಾರಿಸಿ ಲಿಫ್ಟ್ ಇಳಿಸೋಣ ಅಂದ, ಮೇಲಿದ್ದ ಮೇಸ್ತ್ರಿ. ಅಪ್ಪ ಬದುಕಿ ಬಂದ. ಪಕ್ಕದಲ್ಲಿದ್ದ ನಿಕು ಮಾಮ ಬರಲಿಲ್ಲ," ಎಂದು ಲಿಫ್ಟಿನ ಬಳಿ ಕಾಯುತ್ತಿರುವ, ಪ್ರಯೋಗದ ಹೊಣೆ ಹೊತ್ತ ಪ್ರೊಫೆಸರ್ ಲಿವಿಯುಗೆ ಹೇಳುತ್ತ ಮತ್ತೆ ಎಣ್ಣೆಬಟ್ಟೆ ಕೈಗೆತ್ತಿಕೊಳ್ಳುತ್ತಾರೆ. "ಬಾಗಿಲು ಮೀಟಿದ್ದು ತಪ್ಪೇ. ಅದಕ್ಕೆ ನನ್ನ ತೆಗೆದುಹಾಕಿದ್ರೆ ಹಾಕ್ಲಿ. ಆದ್ರೆ ನನ್ನ ಜಾಗಕ್ಕೆ ಬರೋನು ಆ ಮೇಸ್ತ್ರಿ ಥರದೋನಾಗಿದ್ರೆ ಗತಿ ಏನು? ಅದೇ ಚಿಂತೆ, ನಿದ್ದೆ ಹತ್ತಲ್ಲ."

ಫೋನ್ ಬಡಿದುಕೊಳ್ಳುತ್ತದೆ. ಲಿವಿಯು ಎತ್ತಿಕೊಂಡು, ಬಹಳ ಹೊತ್ತು ಹೂಂಗುಟ್ಟಿ, ಕೆಳಗಿಡುತ್ತಾರೆ.

"ತಾಂತಿ, ನೀವೇ ಇರ್ಬೇಕು ಅಂತ ನಾಲ್ಕು ಮತ. ಬೇಡ ಅಂತ ಎರಡು."

"ಇಲಿಂಕಾ?"

"ಇರಲಿ ಅಂದ್ಲು. ಆದ್ರೆ ಅವಳದೊಂದು ಷರತ್ತಿದೆ. ಬಡಿತ ಕೇಳಿದ್ರೆ ಮೊದಲು ಫೋನ್ ಮಾಡಿ ಕೇಳ್ಬೇಕು. ಬಾಗಿಲಿನ ಮಾತು ಆಮೇಲೆ."

ಬೆಳಗಿನಿಂದ ಮೊದಲ ಸಲ ಸವೇತಾ ನೆಟ್ಟಗೆ ಕೂರುತ್ತಾರೆ. ಬ್ರೆಡ್ಡು ಮುರಿದು, ಈರುಳ್ಳಿ ಕಚ್ಚಿ, ನಿಧಾನವಾಗಿ ಅಗಿಯುತ್ತಾರೆ.

"ಕೇಳ್ತೀನಿ ಮೇಷ್ಟ್ರೇ. ಕೆಳಗೆ ಹೋಗೋಕೆ ನಾಲ್ಕು ನಿಮಿಷ ಹಿಡಿಯುತ್ತೆ, ಅಷ್ಟರಲ್ಲಿ ಎಲ್ಲಾ ಕೇಳಿ ಮುಗಿಸ್ಬಹುದು. ಒಂದು ಫೋನು ಲಿಫ್ಟಿನ ಒಳಗೇ ಹಾಕಿಸಿಕೊಡಿ."