ನಾಲ್ಕು ಟೈರಿಗಾಗಿ ಪೀಣ್ಯಕ್ಕೆ

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ನಾವು ಊರು ಬಿಟ್ಟೆವು. ನಾವು ಎಂದರೆ ನಾನು, ನನ್ನ ಮೈದುನ ಮುನಿರಾಜು, ಮತ್ತು ನಮ್ಮ ಪಿಕಪ್ಪು. ಹೊರಟ ಐದೇ ನಿಮಿಷಕ್ಕೆ ಪಿಕಪ್ಪಿಗೆ ಎತ್ತು ಕಟ್ಟಬೇಕಾಯಿತು. ಕೆರೆ ಕೋಡಿಯ ಕೆಸರಿನಲ್ಲಿ ಅದು ಹೂತುಕೊಂಡಿತು, ಪಕ್ಕದ ಮನೆಯ ಪಿಳ್ಳಪ್ಪ ಮಾವ ತಮ್ಮ ಜೋಡೆತ್ತು ತಂದು ಎಳೆಸಿ ಆಚೆ ದಡಕ್ಕೆ ಹಾಕಿದರು. ಅವರು ಎಳೆಸಿದ್ದಕ್ಕಿಂತ ನಕ್ಕಿದ್ದೇ ಹೆಚ್ಚು. ಕಾಶಿ, ರಾಮೇಶ್ವರಕ್ಕೆ ಹೋದವರು ಬಂದು ತಮ್ಮ ಯಾತ್ರೆ ಬರೆಯುತ್ತಾರೆ. ನಾನು ಹೋದದ್ದು ಪೀಣ್ಯಕ್ಕೆ, ಹೆಚ್ಚೆಂದರೆ ಮೂವತ್ತು ಕಿಲೋಮೀಟರು. ಆದರೆ ನಾಲ್ಕು ದಿನ ಹಿಡಿಯಿತು, ಮತ್ತು ನಾನು ಗೆದ್ದು ಬಂದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬೇಗೂರಿಗೂ ಸಿಂಗಸಂದ್ರಕ್ಕೂ ನಡುವಿನ ಸಣ್ಣ ಹಳ್ಳಿ. ಹನ್ನೊಂದು ಮನೆಯವರು ಸೇವಂತಿಗೆ, ಕನಕಾಂಬರ ಬೆಳೆಯುತ್ತೇವೆ. ಹೊಸೂರು ರಸ್ತೆ ಸೇರಬೇಕಾದರೆ ಕೋಡಿ ದಾಟಿ, ಗದ್ದೆಗಳ ನಡುವಿನ ಒಂದೇ ಗಾಡಿ ಹಿಡಿಸುವ ಮಣ್ಣು ದಾರಿಯಲ್ಲಿ ಹೋಗಬೇಕು. ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ನೀರು. ಅದಕ್ಕಾಗಿಯೇ ನಾನು ಮನೆಯವರೆಲ್ಲರ ಬಾಯಿ ಮುಚ್ಚಿಸಿ ಮಿಲಿಟರಿ ಹರಾಜಿನಲ್ಲಿ ಈ ಪಿಕಪ್ಪು ಕೊಡಿಸಿದ್ದು. ಬೇರೆ ಗಾಡಿಗಳಲ್ಲಿ ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ. ಇದರಲ್ಲಿ ಇನ್ನೊಂದು ಲಿವರು ಹಾಕಿದರೆ ಮುಂದಿನ ಎರಡೂ ಎಳೆಯುತ್ತವೆ ಎಂದು ಹರಾಜಿನವರು ತೋರಿಸಿದ್ದರು. ಎರಡು ವರ್ಷ ಹನ್ನೊಂದು ಮನೆಯ ಹೂವೂ ಇದರಲ್ಲೇ ಮಾರ್ಕೆಟ್ಟಿಗೆ ಹೋಯಿತು. ಈ ಸಲದ ಮಳೆಯಲ್ಲಿ ಮೂರು ಬಾರಿ ಕೋಡಿಯಲ್ಲಿ ಕೂತಿತು. ಮೂರನೆಯ ಸಲ ಹೂವು ಮಧ್ಯಾಹ್ನಕ್ಕೆ ಮಾರ್ಕೆಟ್ಟು ಮುಟ್ಟಿ, ದನಕ್ಕೆ ಹಾಕುವ ಹಾಗಾಯಿತು.

ಅವತ್ತು ಸಂಜೆ ಎಲ್ಲರೂ ನಮ್ಮ ಜಗಲಿಯ ಮೇಲೆ ಸೇರಿದರು. ಪಿಳ್ಳಪ್ಪ ಮಾವನೇ ಮಾತೆತ್ತಿದ್ದು. "ನಾಲ್ಕ್ ಚಕ್ರಾನೂ ಎಳೀತದೆ ಅಂದ್ಯಲ್ಲವ್ವಾ ರತ್ನಾ, ಒಂದಾದ್ರೂ ಎಳೀತೈತಾ? ಗೌರಿ ಅಬ್ಬದ್ ಊವ ಈ ಸಲ ಮಂಡಿಯವನ ವ್ಯಾನಿಗೇ ಆಕ್ಬಿಡ್ತೀವಿ."

ಮಂಡಿಯವನ ವ್ಯಾನಿಗೆ ಒಮ್ಮೆ ಹಾಕಿದರೆ ಮುಗಿಯಿತು, ವರ್ಷವಿಡೀ ಅವನಿಗೇ ಹಾಕಬೇಕು, ಅವನು ಹೇಳಿದ ದರಕ್ಕೇ ಕೊಡಬೇಕು. ನಮ್ಮ ಗಾಡಿ ನಿಲ್ಲುತ್ತದೆ, ಹನ್ನೊಂದು ಮನೆಯೂ ಅವನ ಕೈಗೆ ಬೀಳುತ್ತದೆ. ಶನಿವಾರ ಗೌರಿ ಹಬ್ಬ. ಹೂವು ಗುರುವಾರ ಸಂಜೆ ಹೊರಡಬೇಕು. "ಗುರುವಾರ ಸಂಜೆ ನಾನೇ ಬಂದು ಬುಟ್ಟಿ ತುಂಬಿಸ್ಕೋತೀನಿ, ನೋಡ್ತಿರಿ" ಎಂದುಬಿಟ್ಟೆ. ಟೈರು ಸವೆದಿದೆ, ಹೊಸದು ಹಾಕಿದರೆ ಸರಿಹೋಗುತ್ತದೆ ಎಂಬುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು.

ಮಡಿವಾಳದಲ್ಲಿ ಒಂದು ಪಂಕ್ಚರ್ ಆಯಿತು. ಅದನ್ನು ಹಾಕಿಸಿಕೊಂಡು ಜೆ.ಸಿ. ರಸ್ತೆ ತಲುಪುವಾಗ ಹನ್ನೊಂದು ಗಂಟೆ. ಅಲ್ಲಿ ಬಿಡಿಭಾಗದ ಅಂಗಡಿಗಳು ಸಾಲುಸಾಲು. ಒಂದು ಟೈರಿನ ಅಂಗಡಿ ಹೊಕ್ಕೆವು. ಕೇಳುತ್ತಿದ್ದವಳು ನಾನು, ಅಂಗಡಿಯವನು ಉತ್ತರ ಹೇಳುತ್ತಿದ್ದದ್ದು ಮುನಿರಾಜುಗೆ.

"ಸಾರ್, ಸ್ಟಾಕ್ ಇರೋದು ರೋಡ್ ಟೈರು. ಕೆಸರಿಂದು ಬೇಕಂದ್ರೆ ಬುಕ್ ಮಾಡಿ ಹೋಗಿ, ಮೂರು ತಿಂಗಳಾಗತ್ತೆ."

ಮುನಿರಾಜು ಆ ಹೊಸ ಟೈರನ್ನು ಕರುವಿನ ಮೈ ಸವರಿದಂತೆ ಸವರುತ್ತಿದ್ದ. "ಅತ್ಗೆ, ಎಷ್ಟು ಚೆನ್ನಾಗವೆ. ಹಿಂದಕ್ಕೆ ಎರಡು ತಗೊಂಡ್ರೆ ಸಾಕು" ಎಂದ. ನಾನು ಟೈರಿನ ಗೀರಿನೊಳಕ್ಕೆ ಬೆರಳಿಟ್ಟು ನೋಡಿದೆ. ಉಗುರು ಮುಳುಗುವಷ್ಟೂ ಆಳವಿಲ್ಲ. ನಮ್ಮ ಕೆರೆಯ ಜೇಡಿಮಣ್ಣು ಒಂದೇ ಸುತ್ತಿಗೆ ಅದರಲ್ಲಿ ತುಂಬಿಕೊಂಡು ಟೈರನ್ನು ನುಣ್ಣಗೆ ಮಾಡಿಬಿಡುತ್ತದೆ. ಬೇಡ ಎಂದೆ. ಅಂಗಡಿಯವನು ಮೊದಲ ಸಲ ನನ್ನ ಮುಖ ನೋಡಿ, "ಹಾಗಿದ್ರೆ ಪೀಣ್ಯಕ್ಕೆ ಹೋಗಿ ಹಳೇದಕ್ಕೆ ರಿಟ್ರೆಡಿಂಗ್ ಮಾಡ್ಸ್ಕೊಳಿ ಮೇಡಂ" ಎಂದ. ಬೈಗುಳದ ಹಾಗೆ ಹೇಳಿದ ಆ ಮಾತೇ ನನಗೆ ದಾರಿಯಾಯಿತು.

ಯಶವಂತಪುರ ದಾಟಿದ ಮೇಲೆ ಗಾಳಿಯ ವಾಸನೆಯೇ ಬದಲಾಯಿತು. ಕಾದ ಕಬ್ಬಿಣ, ಎಣ್ಣೆ, ಸುಟ್ಟ ರಬ್ಬರು. ಪೀಣ್ಯದಲ್ಲಿ ದೊಡ್ಡ ರಸ್ತೆಯೊಂದೇ ಡಾಂಬರು, ಒಳಗಿನ ಅಡ್ಡರಸ್ತೆಗಳೆಲ್ಲ ನಮ್ಮೂರಿನ ದಾರಿಯಷ್ಟೇ ಕೆಂಪು, ಅಷ್ಟೇ ಗುಂಡಿ. ಪಾಳಿ ಬಿಡುವ ಸೈರನ್ ಕೂಗಿದಾಗ ಟಿಫನ್ ಕ್ಯಾರಿಯರ್ ಹಿಡಿದ ಗಂಡಸರು ಹೊಳೆಯಂತೆ ಹೊರಬಂದರು. ಕೇಳಿಕೊಂಡು, ಕೇಳಿಕೊಂಡು ಸಂಜೆ ನಾಲ್ಕರ ಹೊತ್ತಿಗೆ ಖಾದರ್ ಸಾಬರ ಶೆಡ್ಡು ಸಿಕ್ಕಿತು. ಸವೆದ ಟೈರಿನ ಮೇಲೆ ಹೊಸ ರಬ್ಬರು ಅಂಟಿಸಿ ಅಚ್ಚಿನಲ್ಲಿ ಬೇಯಿಸುವುದು ಅವರ ಕೆಲಸ. ಬಿಳಿ ಗಡ್ಡ, ಮಣಿಕಟ್ಟಿನವರೆಗೆ ಕಪ್ಪಾದ ಕೈ. ಅವರು ಟೈರು ನೋಡಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು ಮುನಿರಾಜುವನ್ನು ಕೇಳಿದರು.

"ಮುಂದಿನ ಗೇರು ಕೊನೇ ಸಲ ಯಾವಾಗ ಹಾಕಿದ್ದೆ ಮಗಾ?"

ಮುನಿರಾಜು ಬಾನೆಟ್ಟಿನ ಮೇಲಿನ ಕೆಸರು ಒರೆಸತೊಡಗಿದ. ಎರಡನೆಯ ಸಲ ಕೇಳಿದಾಗ, "ಎರಡು ವರ್ಷದ ಹಿಂದೆ" ಎಂದ. ಹಾಕಿದರೆ ಗಾಡಿ ಹಿಡಿದಂತಾಗುತ್ತಿತ್ತಂತೆ, ಲಿವರು ತೆಗೆಯಲು ಬರುತ್ತಿರಲಿಲ್ಲವಂತೆ. ಗೇರು ಮುರಿದೀತೆಂದು ಹೆದರಿ ಅದರ ಸಹವಾಸವೇ ಬಿಟ್ಟಿದ್ದ. ಅಂದರೆ ಎರಡು ವರ್ಷ ನಾನು ಊರಿಗೆಲ್ಲ ನಾಲ್ಕು ಚಕ್ರ, ನಾಲ್ಕು ಚಕ್ರ ಎಂದು ಜಂಬ ಕೊಚ್ಚಿದ್ದು ಎರಡೇ ಚಕ್ರದ ಮೇಲೆ. ಅಲ್ಲೇ, ಅಷ್ಟು ಜನರ ಎದುರಿಗೆ, ಅವನಿಗೆ ಬಾಯಿಗೆ ಬಂದಂತೆ ಬೈದೆ. ನಲವತ್ತರ ಗಂಡಸು ತಲೆ ತಗ್ಗಿಸಿ ನಿಂತ.

"ಬೈಬೇಡಮ್ಮ, ಇವನೊಬ್ಬನದಲ್ಲ ತಪ್ಪು" ಎಂದರು ಸಾಬರು. "ನಿಮ್ಮ ಕಡೆ ಹೂವಿನ ಗಾಡಿಯವರೆಲ್ಲ ಇಂಗೇ. ಒಳ್ಳೇದೆರಡು ಹಿಂದಕ್ಕೆ, ಬೋಳು ಎರಡು ಮುಂದಕ್ಕೆ. ಲೋಡು ಹಿಂದೆ ಇರ್ತದೆ ಅಂತ. ಬೇರೆ ಗಾಡಿಗೆ ನಡೀತದೆ. ಇದಕ್ಕೆ ನಡಿಯಲ್ಲ. ಸವೆದ ಮುಂದಿನ ಚಕ್ರ ಸಣ್ಣದಾಗ್ತದೆ, ಹಿಂದಿನದು ದೊಡ್ಡದೇ ಇರ್ತದೆ. ನೊಗದಲ್ಲಿ ಒಂದು ಕಡೆ ಎತ್ತು, ಒಂದು ಕಡೆ ಕರು ಕಟ್ಟಿದಂಗೆ. ಎರಡೂ ಎಳೀತಾವೆ, ಒಂದಕ್ಕೊಂದು ಎದುರು ಎಳೀತಾವೆ. ಗೇರು ಹಿಡ್ಕೊಳ್ದೆ ಏನು ಮಾಡ್ತದೆ?"

ಮುನಿರಾಜು ಹೇಳುತ್ತಿದ್ದಂತೆ ಹಿಂದಕ್ಕೆ ಮಾತ್ರ ಎರಡು ಹೊಸ ಟೈರು ಹಾಕಿಸಿದ್ದರೆ ಎತ್ತಿಗೂ ಕರುವಿಗೂ ಅಂತರ ಇನ್ನೂ ಹೆಚ್ಚುತ್ತಿತ್ತು. ಆ ರಾತ್ರಿ ದಾಸರಹಳ್ಳಿಯ ನನ್ನ ತಂಗಿಯ ಮನೆಯಲ್ಲಿ ಉಳಿದೆವು. ಮುನಿರಾಜು ಮುದ್ದೆ ಮುರಿಯಲೂ ಸಂಕೋಚಪಟ್ಟ. ನಾನೇ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದೆ.

ಮಂಗಳವಾರ ಬೆಳಿಗ್ಗೆ ಬನ್ನು, ಟೀ ಮುಗಿಸಿ ಶೆಡ್ಡಿಗೆ ಹೋದೆವು. ಹಿಂಭಾಗದಲ್ಲಿ ಸವೆದ ಟೈರಿನ ದೊಡ್ಡ ರಾಶಿ ಇತ್ತು. ನಮ್ಮ ಹಳೆಯ ನಾಲ್ಕೂ ಒಂದೊಂದು ಅಳತೆಯವು, ಅವು ಬೇಡವೆಂದು ಸಾಬರು ರಾಶಿಯಿಂದ ಒಂದೇ ನಂಬರಿನ ನಾಲ್ಕು ಎಳೆದು ಹಾಕಿದರು. "ನಂಬರು ಒಂದೇ ಅಮ್ಮ, ಸೈಜು ಒಂದೇ."

ನಂಬರು ಒಂದಾದರೆ ಅಳತೆಯೂ ಒಂದೇ ಎಂದು ಬೇರೆ ಯಾರಾದರೂ ನಂಬಿಯಾರು, ಹೂವು ಮಾರಿದವಳು ನಂಬುವುದಿಲ್ಲ. ಮೊಳ ಎನ್ನುವುದೂ ಒಂದೇ ಹೆಸರು. ಕೊಳ್ಳುವಾಗ ವ್ಯಾಪಾರಿಯ ಮೊಳ ಉದ್ದವಾಗುತ್ತದೆ, ಮಾರುವಾಗ ಗಿಡ್ಡವಾಗುತ್ತದೆ. ನನ್ನ ಚೀಲದಲ್ಲಿ ಹೂ ಕಟ್ಟುವ ಬಾಳೆನಾರು ಯಾವಾಗಲೂ ಇರುತ್ತದೆ. ನೀರಿನಲ್ಲಿ ನೆನೆಸಿ, ಎಳೆಗೆ ಎಳೆ ಗಂಟು ಹಾಕಿ ಉದ್ದ ಮಾಡಿ, ಮೊದಲನೆಯ ಟೈರಿನ ಸುತ್ತ ಬಿಗಿದು, ಕೂಡಿದಲ್ಲಿ ಒಂದು ಗಂಟು ಹಾಕಿದೆ. ಅದೇ ನಾರನ್ನು ಎರಡನೆಯದಕ್ಕೆ ಹಿಡಿದರೆ ಎರಡು ಬೆರಳು ಸಾಲಲಿಲ್ಲ. ಮೂರನೆಯದಕ್ಕೆ ಮೂರು ಬೆರಳು ಮಿಕ್ಕಿತು.

ಕೆಲಸದವರು ಸುತ್ತ ನೆರೆದರು. "ಅಕ್ಕ ಟೈರಿಗೆ ಹಾರ ಹಾಕ್ತಾವ್ರೆ ಕಣ್ರೋ" ಎಂದ ಒಬ್ಬ. ಸಾಬರು ಮಾತ್ರ ನಗಲಿಲ್ಲ. ಬಾಗಿ ಗಂಟು ನೋಡಿದರು, ಬೆರಳಿಟ್ಟು ನೋಡಿದರು. "ಒಂದು ಕಂಪನಿ ಒಂದು ಥರ, ಒಂದು ಸವೆತ ಒಂದು ಥರ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ರಾಶಿಯನ್ನೆಲ್ಲ ಕೆಳಗಿಳಿಸಲು ಆಳುಗಳಿಗೆ ಹೇಳಿದರು.

ಮಧ್ಯಾಹ್ನದವರೆಗೆ ಅಳೆದೆ. ನಾರು ಒಣಗಿದಾಗಲೆಲ್ಲ ಒದ್ದೆ ಮಾಡಿಕೊಂಡೆ. ಅಳತೆ ಕೂಡಿದ್ದನ್ನು ಸಾಬರು ಒಳಗೆ ಕೈಯಾಡಿಸಿ, ರಬ್ಬರಿನಡಿಯ ನೂಲು ಹರಿದಿದ್ದರೆ ಪಕ್ಕಕ್ಕೆಸೆಯುತ್ತಿದ್ದರು. ಕೊನೆಗೆ ಐದು ಮೊಳ ಒಂದು ಬೆರಳಿನವು ಮೂರು ಸಿಕ್ಕಿದವು. ನಾಲ್ಕನೆಯದು ಸಿಗಲೇ ಇಲ್ಲ. ರಾಶಿ ಮುಗಿಯಿತು. ಬೇಸರದಿಂದ ಎದುರಿನ ಟೀ ಅಂಗಡಿಗೆ ಹೋದೆ. ಅಲ್ಲಿ ಗಿರಾಕಿಗಳು ಕೂರಲೆಂದು ಟೈರುಗಳನ್ನು ಮಲಗಿಸಿದ್ದರು. ಎದುರಿಗೆ ಕೂತು ಟೀ ಹೀರುತ್ತಿದ್ದ ದಪ್ಪ ಮನುಷ್ಯನ ಕೆಳಗಿನ ಟೈರು ನನಗೆ ಯಾಕೋ ಹತ್ತಿರದ್ದೆನಿಸಿತು.

"ಅಣ್ಣಾ, ಸ್ವಲ್ಪ ಎದ್ದೇಳ್ತೀರಾ?"

ಅವರು ಗಾಬರಿಯಾಗಿ ಎದ್ದರು. ನಾರು ಸುತ್ತಿದೆ. ಗಂಟು ಗಂಟಿನ ಮೇಲೇ ಬಂದು ಕೂತಿತು. ನಾನು ಕೂಗಿದ ಕೂಗಿಗೆ ಸಾಬರು ಶೆಡ್ಡಿನಿಂದ ಓಡಿ ಬಂದರು. ಒಳಗೆ ಕೈಯಾಡಿಸಿ, "ಪಸಂದಾಗಿದೆ" ಎಂದರು. ಟೀ ಅಂಗಡಿಯವನಿಗೆ ರಾಶಿಯಿಂದ ಎರಡು ಟೈರು ಕೊಟ್ಟು ಅದನ್ನು ಬಿಡಿಸಿಕೊಂಡೆವು. ಅವನಿಗೂ ಒಂದು ಕುರ್ಚಿ ಹೆಚ್ಚಾಯಿತು.

ಇನ್ನು ಅಚ್ಚಿನ ಆಯ್ಕೆ. ಒಂದು ಉದ್ದ ಗೀರಿನದು. ಇನ್ನೊಂದು ದಪ್ಪ ದಪ್ಪ ಗಡ್ಡೆಗಳದು, ನಡುವೆ ಬೆರಳು ಇಳಿಯುವಷ್ಟು ಸಂದು. ಗಡ್ಡೆಯದನ್ನು ತೋರಿಸಿದೆ. "ಡಾಂಬರ್ ಮೇಲೆ ಗೊರಗೊರ ಸದ್ದು ಬರ್ತದೆ ಅಮ್ಮ" ಎಂದರು. "ಬರ್ಲಿ ಬಿಡಿ ಸಾಬ್, ನಾವೇನು ಮದುವೆ ದಿಬ್ಬಣ ಹೋಗ್ತಿದೀವಾ?" ಎಂದೆ.

ಬುಧವಾರ ಮೂರು ಟೈರು ಅಚ್ಚಿನಿಂದ ಹೊರಬಂದವು. ಹೊಸ ರಬ್ಬರಿನ ಮೈಯಿಂದ ಆವಿ ಏಳುತ್ತಿತ್ತು. ನಾಲ್ಕನೆಯದನ್ನು ಉಜ್ಜುವ ಯಂತ್ರಕ್ಕೆ ಹಾಕುವಾಗ ಕರೆಂಟು ಹೋಯಿತು. ಹೋದ ಕರೆಂಟು ಯಾವಾಗ ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಅಚ್ಚು ಸೌದೆಯ ಬಾಯ್ಲರಿನಲ್ಲಿ ಕಾಯುತ್ತಿತ್ತು, ಅದಕ್ಕೆ ತೊಂದರೆಯಿಲ್ಲ. ಆದರೆ ಹಳೆಯ ಮೈ ಉಜ್ಜಿ ಒರಟು ಮಾಡದಿದ್ದರೆ ಹೊಸ ರಬ್ಬರು ಹಿಡಿಯುವುದಿಲ್ಲ. ಮೂರು ಗಂಟೆಯಾದರೂ ಕರೆಂಟು ಬರಲಿಲ್ಲ. ಆಗ ಮುನಿರಾಜು ಎದ್ದು, ಗೋಡೆಗೆ ತೂಗುಹಾಕಿದ್ದ ದೊಡ್ಡ ಅರ ಕೈಗೆತ್ತಿಕೊಂಡ. "ಕೈಯಲ್ಲೇ ಉಜ್ತೀನಿ ಸಾಬ್, ಎಲ್ಲಿ, ಎಷ್ಟು ಅಂತ ಹೇಳಿ."

ಸೋಮವಾರದಿಂದ ಅವನು ಆಡಿದ ಮೊದಲ ಗಟ್ಟಿ ಮಾತು ಅದು. ಕತ್ತಲಾಗುವವರೆಗೆ ಉಜ್ಜಿದ. ಸಾಬರು ನಡುನಡುವೆ ಉಜ್ಜಬೇಕಾದಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಡುತ್ತಿದ್ದರು. ಅವನ ಅಂಗೈ ಬೊಬ್ಬೆ ಬಂದು ಒಡೆಯಿತು. ನಾನು ಸೆರಗು ಹರಿದು ಕಟ್ಟಿದೆ, ಮತ್ತೆ ಉಜ್ಜಿದ. ನನ್ನ ಸಿಟ್ಟು ಅಲ್ಲಿಗೇ ಕರಗಿಹೋಯಿತು.

ಗುರುವಾರ ಹನ್ನೆರಡಕ್ಕೆ ನಾಲ್ಕೂ ತಯಾರಾಗಿ ಗಾಡಿಗೇರಿದವು. ಗಾಳಿ ತುಂಬಿಸಿ ಇನ್ನೊಮ್ಮೆ ನಾರು ಹಿಡಿದೆ. ನಾಲ್ಕೂ ಒಂದೇ. ಸಾಬರು ಆ ನಾರನ್ನು ನನ್ನ ಕೈಯಿಂದ ತೆಗೆದುಕೊಂಡು, "ಇದು ಇಲ್ಲೇ ಇರ್ಲಿ ಅಮ್ಮ" ಎಂದು ಶೆಡ್ಡಿನ ಮೊಳೆಗೆ ಸಿಕ್ಕಿಸಿದರು. ಮುನಿರಾಜುಗೆ, "ಡಾಂಬರಲ್ಲಿ ಹಾಕ್ಬೇಡ, ಕೆಸರಲ್ಲಿ ಹೆದರ್ಬೇಡ" ಎಂದರು.

ದಾರಿಯುದ್ದಕ್ಕೂ ಟೈರು ಗೊರಗೊರ ಎನ್ನುತ್ತಲೇ ಬಂತು. ಬೊಮ್ಮನಹಳ್ಳಿಯ ಹತ್ತಿರ ಮಳೆ ಹಿಡಿಯಿತು. ನಾಲ್ಕೂವರೆಗೆ ಕೋಡಿ ಮುಟ್ಟಿದಾಗ ನೀರು ಸೋಮವಾರಕ್ಕಿಂತ ಒಂದು ಗೇಣು ಏರಿತ್ತು. ಊರ ಕಡೆಯ ದಡದಲ್ಲಿ ಹನ್ನೊಂದು ಮನೆಯವರೂ ಬುಟ್ಟಿ ಸಾಲಾಗಿಟ್ಟು, ಗೋಣಿ ಹೊದ್ದು ನಿಂತಿದ್ದರು. ಮಂಡಿಯವನ ವ್ಯಾನು ಐದಕ್ಕೆ ಬರುವುದಿತ್ತು.

ಮುನಿರಾಜು ಕಟ್ಟು ಕಟ್ಟಿದ ಕೈಯನ್ನು ಲಿವರಿನ ಮೇಲಿಟ್ಟು ನನ್ನ ಮುಖ ನೋಡಿದ. "ಅತ್ಗೆ, ಹಾಕ್ಲಾ?"

"ಹಾಕೋ!"

ಲಿವರು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಮೂತಿ ನೀರಿಗಿಳಿಯಿತು, ಹಿಂಭಾಗ ಒಂದು ಕ್ಷಣ ಜಾರಿತು, ಅಷ್ಟರಲ್ಲಿ ಮುಂದಿನ ಚಕ್ರಗಳು ಮಣ್ಣು ಕಚ್ಚಿ ಎಳೆದವು. ನಾನು ಕಂಡೆ, ಅವು ಎಳೆದದ್ದನ್ನು ಕಣ್ಣಾರೆ ಕಂಡೆ. ಎತ್ತಿಲ್ಲ, ಹಗ್ಗವಿಲ್ಲ, ತಳ್ಳುವವರಿಲ್ಲ, ನಾವು ಆಚೆ ದಡದಲ್ಲಿದ್ದೆವು.

ಪಿಳ್ಳಪ್ಪ ಮಾವ ಟೈರಿನ ಗಡ್ಡೆಗಳನ್ನು ಕೋಲಿನಿಂದ ತಟ್ಟಿ ನೋಡಿದರು. "ಕಾಲಿ ಗಾಡಿ ಯಾವ್ದಾದ್ರೂ ದಾಟ್ತದೆ ಬುಡು" ಎಂದರು. ಅಷ್ಟರಲ್ಲಿ ನಾವು ದಾಟಿ ಬಂದ ಕಡೆಯ ದಡಕ್ಕೆ ಮಂಡಿಯವನ ವ್ಯಾನು ಬಂತು. ಡ್ರೈವರು ನೀರು ನೋಡಿ ಅಲ್ಲೇ ನಿಲ್ಲಿಸಿ ಹಾರನ್ ಒತ್ತಿದ. "ಹೊತ್ಕೊಂಡ್ ಬನ್ರೀ, ಟೈಮಿಲ್ಲ!" ಎಂದು ಕೂಗಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಎದುರುಮನೆಯ ಚೌಡಮ್ಮ ತನ್ನ ಕನಕಾಂಬರದ ಬುಟ್ಟಿಯನ್ನು ತಂದು ನಮ್ಮ ಪಿಕಪ್ಪಿಗಿಟ್ಟಳು. ಆಮೇಲೆ ಎಲ್ಲರೂ ತಂದರು. ಕೊನೆಯದು ಮಾವನ ಸೇವಂತಿಗೆ. ಬುಟ್ಟಿ ಇಟ್ಟು ಅವರು ಇಳಿಯಲಿಲ್ಲ, ಮುಂದೆ ಬಂದು ನನ್ನ ಪಕ್ಕಕ್ಕೆ ಹತ್ತಿ ಕೂತರು. "ನಡೀಲಿ ನೋಡಾನ" ಎಂದರು.

ತುಂಬಿದ ಗಾಡಿ ನೀರಿಗಿಳಿಯಿತು. ಈ ಸಲ ಜಾರಲೂ ಇಲ್ಲ. ಮಾವ ಎರಡೂ ಕೈಯಲ್ಲಿ ಸೀಟು ಹಿಡಿದು ಕೂತಿದ್ದರು. ದಡ ಹತ್ತುತ್ತಿದ್ದಂತೆ ಕೈ ಬಿಟ್ಟು, "ಎಳೀತದೆ ಕಣವ್ವಾ!" ಎಂದು ಕೂಗಿದರು.

ದಡದ ಮೇಲೆ ವ್ಯಾನು ಎದುರಾಗಿ ನಿಂತಿತ್ತು. ದಾರಿ ಒಂದೇ ಗಾಡಿಯಷ್ಟು ಅಗಲ, ಎರಡೂ ಕಡೆ ಗದ್ದೆ. ಮುನಿರಾಜು ಹಾರನ್ ಒತ್ತಲಿಲ್ಲ, ಸುಮ್ಮನೆ ಎಂಜಿನ್ ಗುರುಗುಟ್ಟಿಸುತ್ತ ನಿಂತ. ಡ್ರೈವರು ಸ್ವಲ್ಪ ಹೊತ್ತು ನಮ್ಮನ್ನು ನೋಡಿದ, ನಮ್ಮ ಬುಟ್ಟಿಗಳನ್ನು ನೋಡಿದ. ಆಮೇಲೆ ರಿವರ್ಸ್ ಹಾಕಿದ. ಅಲ್ಲಿಂದ ಹೊಸೂರು ರಸ್ತೆಯವರೆಗೆ, ಸುಮಾರು ಒಂದು ಮೈಲಿ, ಅವನು ಕತ್ತು ಹೊರಳಿಸಿಕೊಂಡು ಖಾಲಿ ವ್ಯಾನನ್ನು ಹಿಂದಕ್ಕೆ ಹಿಂದಕ್ಕೆ ಓಡಿಸುತ್ತ ಹೋದ. ಹನ್ನೊಂದು ಮನೆಯ ಹೂವು ಹೊತ್ತು ನಾವು ಅವನ ಮೂತಿಗೆ ಮೂತಿ ಕೊಟ್ಟು ಮುಂದಕ್ಕೆ ಮುಂದಕ್ಕೆ ಹೋದೆವು.